ಹೆಬ್ಬೆರಳ ಹಿಂದಿನ ನಾಲ್ಕು ಚಿತ್ರ

11 ಮಾರ್ಚ್ 2002, ಸೋಮವಾರ. ಇಳಕಲ್

ಬೆಳಿಗ್ಗೆ ಎಂಟರ ಸುಮಾರಿಗೆ ಹುಚ್ಚೇಶಣ್ಣ ಕತ್ತರಿ ಹಿಡಿದು, ನೇಯುವವರು ಕಾಲಿಳಿಸಿ ಕೂರುವ ಮಗ್ಗದ ಕುಣಿಗೆ ಇಳಿದ. ಅರ್ಧಕ್ಕೆ ನಿಂತ ಹಾಸನ್ನು ಕತ್ತರಿಸಿ, ಪಕ್ಕದ ಮನೆಯ ಲಾಡಬಿ ಚಾಚಿಯ ಕೈಯಿಂದ ಮೊದಲಿನಿಂದ ಕೊಂಡಿ ಕಟ್ಟಿಸುವುದು ಅವನ ವಿಚಾರ. ಗೋಡೆಗೆ ಮುಖ ಮಾಡಿ ಮಲಗಿದ್ದ ಅವ್ವ ಕತ್ತರಿಯ ಸಪ್ಪಳಕ್ಕೆ ಹೊರಳಿ "ಬ್ಯಾಡ" ಎಂದಳು.

ಲಕ್ವಾ ಹೊಡೆದು ಇಂದಿಗೆ ಇಪ್ಪತ್ತು ದಿನ. ಬಲಗೈ, ಬಲಗಾಲು ಬಿದ್ದುಹೋಗಿವೆ. ಬಾಯಲ್ಲಿ ಉಳಿದಿರುವುದು ಅದೊಂದೇ ಮಾತು. ನೀರಿಗೂ ಬ್ಯಾಡ, ಗಂಜಿಗೂ ಬ್ಯಾಡ, ನಾನು ಹತ್ತಿರ ಕುಳಿತರೂ ಬ್ಯಾಡ. ಆದರೆ ಇಂದಿನದು ಬೇರೆ ದನಿಯಾಗಿತ್ತು. ತಲೆಯ ಬಳಿಯಿದ್ದ ತಂಬಿಗೆಯನ್ನು ಎಡಗೈಯಿಂದ ದೂಡಿದಳು. ಅದು ಉರುಳಿ ಹೋಗಿ ಕುಣಿಯಲ್ಲಿ ಅಣ್ಣನ ಕಾಲ ಮೇಲೆ ಬಿತ್ತು. ಅಣ್ಣ ಕತ್ತರಿಯನ್ನು ಗೋಡೆಯ ಗೂಡಿನಲ್ಲಿಟ್ಟು ಹೊರಗೆ ಹೋದ.

ಸಂಗತಿಗಳನ್ನು ಕ್ರಮವಾಗಿ ಬರೆದಿಟ್ಟರೆ ದಾರಿ ಕಾಣಬಹುದೆಂದು ಈ ವಹಿ ತೆರೆದಿದ್ದೇನೆ.

ಇಳಕಲ್ ಸೀರೆಯ ಮೈ ನೂಲಿನದು, ಸೆರಗು ರೇಷ್ಮೆಯದು. ಎರಡಕ್ಕೂ ಹಾಸು, ಎಂದರೆ ಮಗ್ಗಕ್ಕೆ ಉದ್ದಕ್ಕೆ ಬಿಗಿದ ಎಳೆಗಳು, ಬೇರೆ. ಮೈಯ ಒಂದೊಂದು ಎಳೆಗೆ ಸೆರಗಿನ ಒಂದೊಂದು ಎಳೆಯನ್ನು ಸಣ್ಣ ಕುಣಿಕೆ ಹಾಕಿ ಸಿಕ್ಕಿಸಬೇಕು. ಅದು ಕೊಂಡಿ. ನಮ್ಮ ಮನೆಯಲ್ಲಿ ನೇಯುವವನು ಅಣ್ಣ, ಕೊಂಡಿ ಕಟ್ಟುವವಳು ಅವ್ವ. ನಾನು ಈ ಕೆಲಸವನ್ನು ಮೂವತ್ತನಾಲ್ಕು ವರ್ಷ ನೋಡಿದ್ದೇನೆ, ಕಲಿತಿಲ್ಲ. ನನ್ನನ್ನು ಸಾಲಿಗೆ ಕಳಿಸಿದವಳೂ ಅವ್ವನೇ. ಈಗ ಹುನಗುಂದದ ಒಂದು ತರಬೇತಿ ಕೇಂದ್ರದಲ್ಲಿ ಕಂಪ್ಯೂಟರ್ ಕಲಿಸುತ್ತೇನೆ.

ಫೆಬ್ರವರಿ 19ರಂದು ಕೊಂಡಿ ಕಟ್ಟುತ್ತಿರುವಾಗಲೇ ಅವ್ವ ಬಲಕ್ಕೆ ವಾಲಿದಳು. ಆಗ ಸಾವಿರದ ನೂರರಷ್ಟು ಕೊಂಡಿ ಮುಗಿದಿದ್ದವು. ಉಳಿದವು ಅದಕ್ಕಿಂತ ಹೆಚ್ಚು. ಒಬ್ಬರು ಹಿಡಿದ ಹಾಸಿನಲ್ಲಿ ಇನ್ನೊಬ್ಬರು ಕೈ ಹಾಕುವುದಿಲ್ಲ. ಪ್ರತಿಯೊಬ್ಬರ ಬಿಗಿ ಬೇರೆ. ಎರಡು ಕೈ ಕೂಡಿದರೆ ಸೆರಗು ಒಂದು ಕಡೆ ಎಳೆಯುತ್ತದೆ ಎನ್ನುತ್ತಾರೆ. ಹಾಗಾಗಿ ಅವ್ವ ಏಳಬೇಕು, ಇಲ್ಲವೇ ಹಾಸು ಕತ್ತರಿಸಬೇಕು. ಬೇಸಿಗೆಯಲ್ಲಿ ನೂಲಿಗೆ ಹಚ್ಚಿದ ಗಂಜಿ ಒಣಗಿ ಎಳೆ ತುಂಡಾಗುತ್ತಿವೆ. ಅಣ್ಣ ಬೇರೆಯವರ ಮಗ್ಗದಲ್ಲಿ ಕೂಲಿಗೆ ಕುಳಿತಿದ್ದಾನೆ.

ಸಂಜೆ ಅವನೊಂದಿಗೆ ಮಾತಾಡಿದೆ. ಯುಗಾದಿ ಅಮಾವಾಸ್ಯೆಯ ಹಿಂದಿನ ದಿನದವರೆಗೆ, ಎಂದರೆ ಏಪ್ರಿಲ್ 11ರವರೆಗೆ ತಡೆಯುತ್ತಾನೆ. ಅಂದು ಕತ್ತರಿಸುವುದು, ಅಮಾವಾಸ್ಯೆಗೆ ಮಗ್ಗ ತೊಳೆಯುವುದು, ಯುಗಾದಿಗೆ ಹೊಸ ಹಾಸು.

ಬಾಗಲಕೋಟೆಯ ಡಾಕ್ಟರು ಹೋದ ವಾರ ಒಂದು ಮಾತು ಹೇಳಿದ್ದರು. ಔಷಧಕ್ಕಿಂತ ಮುಖ್ಯ, ಇವರು ಬದುಕಿನ ಕಡೆ ತಿರುಗಬೇಕು, ಮನಸ್ಸು ಹತ್ತುವಂಥದ್ದನ್ನು ಮುಂದಿಡಿ ಎಂದು. ಅವ್ವನ ಮನಸ್ಸು ಹತ್ತಿರುವುದು ಆ ಮಗ್ಗದ ಹಾಸೊಂದಕ್ಕೇ. ಅದನ್ನು ಕತ್ತರಿಸಿದ ದಿನ ಏನಾಗುತ್ತದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ.

13 ಮಾರ್ಚ್, ಬುಧವಾರ

ಒಂದು ವಸ್ತು ಸಿಕ್ಕಿತು. ಹೋದ ವರ್ಷ ಕೈಮಗ್ಗದ ಪ್ರದರ್ಶನವೊಂದಕ್ಕಾಗಿ ಹುನಗುಂದದ ಹುಸೇನಪೀರ ಅವ್ವ ಕೊಂಡಿ ಕಟ್ಟುವುದನ್ನು ವಿಡಿಯೊ ತೆಗೆದಿದ್ದ. ಅವನು ಮದುವೆ ವಿಡಿಯೊ ತೆಗೆಯುವವ. ಹನ್ನೆರಡು ನಿಮಿಷದ ಸಿ.ಡಿ. ಟ್ರಂಕಿನಲ್ಲಿತ್ತು.

ಟಿ.ವಿ.ಗೆ ಪ್ಲೇಯರ್ ಹಚ್ಚಿ ಅವ್ವನಿಗೆ ತೋರಿಸಿದೆವು. ತನ್ನ ಮುಖ ಬಂದದ್ದೇ ಗೋಡೆಗೆ ತಿರುಗಿದಳು. ಎಡಗೈ ಹೊದ್ದ ಕೌದಿಯ ಅಂಚನ್ನು ಚಿವುಟತೊಡಗಿತು. ತಳಮಳವಾಗಿರಬೇಕೆಂದು ಬಂದ್ ಮಾಡಿದೆ.

ಆದರೆ ನನಗೊಂದು ವಿಚಾರ ಹೊಳೆಯಿತು. ಅವ್ವನ ಕೈಯನ್ನೇ, ಅದೇ ಬಿಗಿಯನ್ನೇ ಯಾರಾದರೂ ಕಲಿತರೆ ಹಾಸು ಉಳಿಯುತ್ತದೆ. ಒಂದು ಕೊಂಡಿಗೆ ಅವಳಿಗೆ ಹಿಡಿಯುವುದು ಮೂರು ಸೆಕೆಂಡು. ಟಿ.ವಿ.ಯಲ್ಲಿ ನಿಧಾನ ಮಾಡಿದರೂ ಕಣ್ಣಿಗೆ ಸಿಗುವುದಿಲ್ಲ, ಹಿಂದಕ್ಕೆ ಹೋಗಲು ಬರುವುದಿಲ್ಲ. ಒಂದೊಂದು ಚಿತ್ರ ಮುಂದೆ, ಒಂದೊಂದು ಚಿತ್ರ ಹಿಂದೆ ಹೋಗುವಂಥ ಪ್ರೋಗ್ರಾಮ್ ವಿಜುವಲ್ ಬೇಸಿಕ್‌ನಲ್ಲಿ ಬರೆಯಬಹುದು. ನಾನು ದಿನಾಲೂ ಕಲಿಸುವುದು ಅದನ್ನೇ.

ಕಲಿಯಬೇಕಾದವಳು ನನ್ನ ಹೆಂಡತಿ ರೋಹಿಣಿ. ಅವಳ ಬೆರಳು ಸೂಕ್ಷ್ಮ, ಕಸೂತಿ ಹಾಕುತ್ತಾಳೆ. ಕೇಳಿದೆ. ಕಲಿಯುತ್ತೇನೆ, ಆದರೆ ಮೊದಲು ತೋರಿಸುವವರಿಗೆ ತಿಳಿದಿರಬೇಕು ಎಂದಳು.

16 ಮಾರ್ಚ್, ಶನಿವಾರ

ಕೇಂದ್ರದ ಒಂದು ಹಳೆಯ ಯಂತ್ರವನ್ನು ಮನೆಗೆ ತಂದಿದ್ದೇನೆ. ಅಣ್ಣ ಅದನ್ನು "ನಿನ್ನ ಪೆಟ್ಟಿಗಿ" ಎನ್ನುತ್ತಾನೆ.

ಮೊದಲ ವಿಧಾನ: ಫಾರ್ಮ್, ಎಂದರೆ ಪ್ರೋಗ್ರಾಮಿನ ಖಾಲಿ ಕಿಟಕಿಯ ಮೇಲೆ, ಮಲ್ಟಿಮೀಡಿಯಾ ಕಂಟ್ರೋಲ್ ಎಂಬ ಸಿದ್ಧ ತುಣುಕನ್ನು ಇಡುವುದು. ಟೇಪ್ ರೆಕಾರ್ಡರಿನಂತೆ ಸಾಲಾಗಿ ಗುಂಡಿಗಳು ಬರುತ್ತವೆ. ಒಂದು ಚಿತ್ರ ಮುಂದೆ, ಒಂದು ಚಿತ್ರ ಹಿಂದೆ ಎನ್ನುವ ಗುಂಡಿಗಳೂ ಇವೆ. ನಾನು ಬಹಳ ಹಿಗ್ಗಿದೆ. ಸಿ.ಡಿ.ಯ ಕಡತ ತೆರೆಯಿತು, ಓಡಿತು. ಆದರೆ ಹಿಂದಕ್ಕೆ ಹೋಗುವ ಗುಂಡಿ ಮಂಕಾಗಿಯೇ ಉಳಿಯಿತು. ಆ ಬಗೆಯ ಕಡತಕ್ಕೆ ಅದು ನಡೆಯುವುದಿಲ್ಲವಂತೆ.

ಅವ್ವ: ಎರಡು ಹೊತ್ತು ಸೇರಿ ಅರ್ಧ ವಾಟಗ ಗಂಜಿ.

19 ಮಾರ್ಚ್, ಮಂಗಳವಾರ

ಎರಡನೆಯ ವಿಧಾನ: ಮೀಡಿಯಾ ಪ್ಲೇಯರ್ ಕಂಟ್ರೋಲ್. ನೋಡಲು ಚಂದ, ಬಣ್ಣ ಸ್ವಚ್ಛ. ಕೋಡಿನಿಂದ 'ಇಂಥ ಜಾಗಕ್ಕೆ ಹೋಗು' ಎಂದರೆ ಹೋಗುತ್ತದೆ, ಆದರೆ ಹೇಳಿದ ಜಾಗಕ್ಕಲ್ಲ, ಅದರ ಆಚೀಚೆಗೆ. ಕೊಂಡಿಯ ಮಧ್ಯಕ್ಕೆ ಹೋಗು ಎಂದರೆ ಮುಗಿದ ಕೊಂಡಿಯ ಮೇಲೆ ನಿಲ್ಲುತ್ತದೆ. ಮೂರು ಸೆಕೆಂಡಿನ ಕೆಲಸದಲ್ಲಿ ಅರ್ಧ ಸೆಕೆಂಡಿನ ತಪ್ಪು ದೊಡ್ಡದು. ಎರಡು ದಿನ ಇದರಲ್ಲಿ ಹೋಯಿತು.

ರೋಹಿಣಿ ಕುರ್ಚಿಯ ಕಾಲಿಗೆ ದಾರ ಕಟ್ಟಿಕೊಂಡು ಕುಳಿತಿದ್ದಳು. ನಾನು ನಿಲ್ಲಿಸು, ಹಿಂದೆ ಹೋಗು ಎನ್ನುತ್ತ ಮೌಸಿನೊಂದಿಗೆ ಜಗಳಾಡುತ್ತಿದ್ದೆ. ಒಂದು ತಾಸಿನ ಮೇಲೆ ಅವಳು ಎದ್ದು ರೊಟ್ಟಿ ಮಾಡಲು ಹೋದಳು.

22 ಮಾರ್ಚ್, ಶುಕ್ರವಾರ

ಮೂರನೆಯ ವಿಧಾನ: ಕಡತವನ್ನೇ ಬೇರೆ ಬಗೆಗೆ ಬದಲಿಸಿ, ಕಂಟ್ರೋಲನ್ನು ಬಿಟ್ಟು, ನೇರವಾಗಿ ವಿಂಡೋಸ್‌ಗೆ ಆಜ್ಞೆ ಕಳಿಸುವುದು. ಹಿಂದೆ ಹೋಗುತ್ತದೆ. ಆದರೆ ಕಡತದಲ್ಲಿರುವುದು ಪ್ರತಿ ಹದಿನೈದು ಚಿತ್ರಕ್ಕೊಂದು ಪೂರ್ಣ ಚಿತ್ರ, ಉಳಿದವು ಹಿಂದಿನದಕ್ಕಿಂತ ಎಷ್ಟು ಬದಲಾಯಿತು ಎಂಬ ಲೆಕ್ಕ ಮಾತ್ರ. ಹಿಂದೆ ಹೋಗುವಾಗ ಅವ್ವನ ಬೆರಳು ಚೌಕ ಚೌಕವಾಗಿ ಒಡೆದು ಹೋಗುತ್ತವೆ. ಎಲ್ಲ ಚಿತ್ರಗಳನ್ನೂ ಪೂರ್ಣ ಮಾಡಿದೆ. ಕಡತ ಎಷ್ಟು ದೊಡ್ಡದಾಯಿತೆಂದರೆ ಯಂತ್ರ ನಿಂತುಹೋಯಿತು. ಮತ್ತೆ ಚಾಲೂ ಮಾಡುವಷ್ಟರಲ್ಲಿ ಕರೆಂಟು ಹೋಯಿತು.

ಇಂದು ಹಾಸಿನಲ್ಲಿ ಒಂಬತ್ತು ಎಳೆ ತುಂಡಾಗಿವೆ. ಕುಣಿಗೆ ನೀರು ಚಿಮುಕಿಸಿ ಒದ್ದೆ ಗೋಣಿ ಹಾಸಿದ್ದೇವೆ.

ಅವ್ವ: ಆರು ಚಮಚ.

25 ಮಾರ್ಚ್, ಸೋಮವಾರ

ಬೆನ್ನಿಗೆ ಹುಣ್ಣಾಗಿದೆ. ಹೊರಳಿಸುವಾಗ ಹಗುರವಾಗಿ ಬಂದಳು. ಇಷ್ಟು ಹಗುರವಾಗಿದ್ದಾಳೆಂದು ಗೊತ್ತಿರಲಿಲ್ಲ.

27 ಮಾರ್ಚ್, ಬುಧವಾರ

ಮೂರು ಚಮಚ.

30 ಮಾರ್ಚ್, ಶನಿವಾರ

ಜೀಪು ಮಾಡಿಕೊಂಡು ಅವ್ವನನ್ನು ಬಾಗಲಕೋಟೆಗೆ ಒಯ್ದೆವು. ಹೋಳಿ ಎಂಬುದೇ ಮರೆತಿತ್ತು. ಊರೊಳಗೆ ಬಣ್ಣದ ಬ್ಯಾರಲ್ಲು ತುಂಬಿದ ಬಂಡಿಗಳು, ಹಲಗೆ ಬಾರಿಸುವ ಸಪ್ಪಳ. ಜೀಪಿನೊಳಗೆ ಮಲಗಿದವಳನ್ನು ನೋಡಿ ಮಂದಿ ಸರಿದು ದಾರಿ ಬಿಟ್ಟರು. ಒಬ್ಬ ತನ್ನ ಹಲಗೆಯ ಮೇಲೆ ಕೈ ಇಟ್ಟು ಅದರ ದನಿ ನಿಲ್ಲಿಸಿದ. ಆದರೂ ಎಲ್ಲಿಂದಲೋ ಹಾರಿಬಂದ ಹಸಿರು ಬಣ್ಣ ಅವ್ವನ ಎಡಗೈ ಮೇಲೆ ಬಿತ್ತು. ದವಾಖಾನೆ ತಲುಪುವವರೆಗೂ ಅವಳು ಆ ಕೈಯನ್ನೇ ನೋಡುತ್ತಿದ್ದಳು.

ಡಾಕ್ಟರು ಸುತ್ತು ಬಳಸಿ ಹೇಳಲಿಲ್ಲ. ಹೀಗೇ ಉಣ್ಣದಿದ್ದರೆ ಎರಡು ವಾರದಲ್ಲಿ ಮೂಗಿನಿಂದ ನಳಿಗೆ ಹಾಕಬೇಕಾಗುತ್ತದೆ. ಈ ವಯಸ್ಸಿನಲ್ಲಿ ಅದರ ಮೇಲೆ ಬಹಳ ದಿನ ಇಡುವುದು ಕಷ್ಟ. ನುಂಗುವ ಶಕ್ತಿ ಇದೆ, ನುಂಗುವ ಇಚ್ಛೆ ಇಲ್ಲ.

ಎರಡು ವಾರ ಎಂದರೆ ಏಪ್ರಿಲ್ 13. ಹಾಸು ಕತ್ತರಿಸುವ ಗಡುವು 11. ಬಸ್ಸಿನ ವೇಳಾಪಟ್ಟಿ ನೋಡಿದಂತೆ ಎರಡೂ ತಾರೀಖು ನೋಡಿದೆ.

2 ಏಪ್ರಿಲ್, ಮಂಗಳವಾರ

ನಾಲ್ಕನೆಯ ವಿಧಾನ. ವಿಡಿಯೊ ಓಡಿಸುವುದನ್ನೇ ಬಿಟ್ಟೆ. ಚೆನ್ನಾಗಿ ಕಾಣುವ ಒಂದು ಕೊಂಡಿಯನ್ನು ಆರಿಸಿ, ಅದರ ಎಪ್ಪತ್ತೈದು ಚಿತ್ರಗಳನ್ನು ಬೇರೆ ಬೇರೆ ಫೋಟೊಗಳಾಗಿ ಉಳಿಸಿಕೊಂಡೆ. ಫಾರ್ಮ್ ಮೇಲೆ ಒಂದು ಪಿಕ್ಚರ್ ಬಾಕ್ಸ್, ಒಂದು ಟೈಮರ್, ಎರಡು ಗುಂಡಿ. ಟೈಮರ್ ಬಡಿದಾಗೊಮ್ಮೆ ಮುಂದಿನ ಫೋಟೊ. ಹಿಂದಿನದು ಬೇಕೆಂದರೆ ಎಣಿಕೆಯಲ್ಲಿ ಒಂದು ಕಳೆಯುವುದು, ಅಷ್ಟೇ. ಹೊಸದಾಗಿ ಸೇರಿದ ವಿದ್ಯಾರ್ಥಿಯೂ ಬರೆಯಬಲ್ಲ ಪ್ರೋಗ್ರಾಮ್. ಮೊದಲೇ ಇದನ್ನು ಮಾಡಿದ್ದರೆ ಎರಡು ವಾರ ಉಳಿಯುತ್ತಿತ್ತು. ನಾಚಿಕೆಯಾಗಿ ಮಾಡಿರಲಿಲ್ಲ.

ಇನ್ನೊಂದು ಅನುಕೂಲವಿದೆ. ಹುಸೇನಪೀರ ಎದುರು ನಿಂತು ತೆಗೆದಿರುವುದರಿಂದ ಅವ್ವನ ಬಲಗೈ ನಮಗೆ ಎಡಕ್ಕೆ ಕಾಣುತ್ತದೆ. ಫೋಟೊ ಆದರೆ ಚಿತ್ರದ ಅಗಲಕ್ಕೆ ಋಣ ಸಂಖ್ಯೆ ಕೊಟ್ಟು ಬಲ ಎಡ ತಿರುಗಿಸಿ ಬರೆಯಬಹುದು. ಈಗ ಅವಳ ಬಲಗೈ ನಮ್ಮ ಬಲಕ್ಕೇ ಇದೆ.

ಟೈಮರಿಗೆ 40 ಮಿಲಿಸೆಕೆಂಡು ಕೊಟ್ಟರೂ ಈ ಯಂತ್ರದಲ್ಲಿ 55ರ ಮೇಲೇ ಬಡಿಯುತ್ತದೆ. ಚಿಂತೆಯಿಲ್ಲ. 400 ಇಟ್ಟಿದ್ದೇನೆ.

ಯಂತ್ರವನ್ನು ಅವ್ವನ ಹೊರಸಿನ ಪಕ್ಕಕ್ಕೆ ಇಟ್ಟಿದ್ದೇನೆ, ಏಕೆಂದರೆ ಪ್ಲಗ್ ಇರುವುದು ಅಲ್ಲಿ ಮಾತ್ರ. ಅದು ಓಡುತ್ತಿರುವಾಗ ಅವ್ವ ಕೌದಿ ಚಿವುಟುವುದು ಜೋರಾಗುತ್ತದೆ. ಡಾಕ್ಟರಿಗೆ ಕೇಳಬೇಕು. ಇದು ನರದ ದೋಷವಿರಬಹುದು.

4 ಏಪ್ರಿಲ್, ಗುರುವಾರ

ತೊಂದರೆ. 1ರಿಂದ 40ರವರೆಗೆ ಎಲ್ಲ ಸ್ಪಷ್ಟ. ಬಲಗೈ ನೂಲಿನ ಎಳೆಯ ತುದಿಯನ್ನು ಮಡಚುತ್ತದೆ, ಕುಣಿಕೆ ಆಗುತ್ತದೆ, ರೇಷ್ಮೆ ಅದರೊಳಗೆ ತೂರುತ್ತದೆ. 45ರಿಂದ 75ರವರೆಗೂ ಸ್ಪಷ್ಟ. ಬಲಗೈ ಎಳೆದು ಕೂರಿಸುತ್ತದೆ. ಆದರೆ 40ಕ್ಕೂ 45ಕ್ಕೂ ನಡುವೆ ಏನೋ ಆಗುತ್ತದೆ. 40ರಲ್ಲಿ ಸಡಿಲ ಕುಣಿಕೆ. 45ರಲ್ಲಿ ಎರಡೂ ಎಳೆ ಒಂದೇ ಬಿಗಿಯಲ್ಲಿ ನಿಂತಿವೆ. 41, 42, 43, 44ರಲ್ಲಿ ಕಾಣುವುದು ಅವ್ವನ ಬಲಗೈ ಹೆಬ್ಬೆರಳು ಮಾತ್ರ. ಅದರ ಹಿಂದೆ ನಡೆದದ್ದು ಕಾಣುವುದಿಲ್ಲ.

ರೋಹಿಣಿ ಅಲ್ಲಿಯವರೆಗೆ ಮಾಡಿ ಮುಂದೆ ತನ್ನ ರೀತಿಯಲ್ಲಿ ಎಳೆದಳು. ಕೊಂಡಿ ಬಂತು, ಆದರೆ ಗಂಟು ಉಬ್ಬಿತು. ಅಣ್ಣ ಉಗುರು ಆಡಿಸಿ ನೋಡಿ ತಲೆ ಅಲ್ಲಾಡಿಸಿದ.

ಇನ್ನೊಂದು ಕೊಂಡಿಯ ಚಿತ್ರಗಳನ್ನು ತೆಗೆದೆ. ಅಲ್ಲಿಯೂ ಹೆಬ್ಬೆರಳು. ಮತ್ತೊಂದು. ಅಲ್ಲಿಯೂ.

ರೋಹಿಣಿ ಹೇಳಿದ ಒಂದು ಮಾತು: ಉಣ್ಣಲು ಕುಳಿತಾಗ ನಾನು ಎಡಗೈಯಲ್ಲಿ ತಟ್ಟೆ ಹಿಡಿದು ಬಲಗೈ ಬೆರಳುಗಳನ್ನು ಗಾಳಿಯಲ್ಲಿ ಆಡಿಸುತ್ತಿರುತ್ತೇನಂತೆ. ನಿದ್ದೆ ಕಡಿಮೆಯಾಗಿದೆ.

5 ಏಪ್ರಿಲ್, ಶುಕ್ರವಾರ. ಹುನಗುಂದ

ತರಗತಿ ಮುಗಿಸಿ ಹುಸೇನಪೀರನ ಅಂಗಡಿಗೆ ಹೋದೆ. ಬೇರೆ ಕಡೆಯಿಂದ ತೆಗೆದ ಮೂಲ ಟೇಪು ಇದೆಯೇ ಎಂದು ಕೇಳಿದೆ. ಟೇಪಿನ ಮೇಲೆ ಆಗಲೇ ಚೊಳಚಗುಡ್ಡದ ಒಂದು ಮದುವೆ ಬಂದಿದೆ. ಇದ್ದಿದ್ದರೂ ಉಪಯೋಗವಿರಲಿಲ್ಲ. ಹನ್ನೆರಡು ನಿಮಿಷವೂ ಅವನು ಎದುರಿಗೇ ನಿಂತಿದ್ದ.

ಕೈ ಕೆಲಸ ತೆಗೆಯುವವ ಬೆನ್ನ ಹಿಂದೆ ನಿಲ್ಲಬಾರದಿತ್ತೇ ಎಂದೆ. ಅವನು ತಪ್ಪು ಒಪ್ಪಿಕೊಂಡವನಂತೆ ಕ್ಯಾಮೆರಾದ ಪಟ್ಟಿ ಸುತ್ತುತ್ತ ಕುಳಿತ.

"ಹದಿನೈದು ವರ್ಷ ಮದುವಿ ತಗದೇನ್ರಿ ಸರ. ಮಾರಿ ಬಿಟ್ಟು ಕೈ ತಗದರ ಬೀಗರು ಬೈತಾರ. ನನಗ ಎದುರು ನಿಂದರೂದು ಬಿಟ್ಟು ಬ್ಯಾರೆ ಗೊತ್ತಿಲ್ರಿ."

ಚಹಾ ತರಿಸಿದ. ಕುಡಿಯಲು ಆಗಲಿಲ್ಲ. ಬಸ್ಸಿನಲ್ಲಿ ಇಳಕಲ್ ಬರುವವರೆಗೂ ಟಿಕೆಟಿನ ಚೀಟಿಯನ್ನು ಮಡಚಿ ಕುಣಿಕೆ ಮಾಡುತ್ತಿದ್ದೆ. ಇಳಿಯುವಾಗ ಕಂಡಕ್ಟರ್ ಟಿಕೆಟ್ ಕೇಳಿದ. ಬಿಡಿಸಿ ತೋರಿಸಬೇಕಾಯಿತು.

7 ಏಪ್ರಿಲ್, ರವಿವಾರ

ಇಡೀ ದಿನ 41ರಿಂದ 44. ಬೆಳಕು ಹೆಚ್ಚಿಸಿದೆ. ಗಾತ್ರ ಹೆಚ್ಚಿಸಿದೆ. ಹೆಬ್ಬೆರಳಿನ ಉಗುರಿನ ಕರಿ ಕಲೆ ಕಾಣುತ್ತದೆ, ಚರ್ಮದ ಗೆರೆ ಕಾಣುತ್ತದೆ. ಅದರ ಹಿಂದಿನದು ಕಾಣುವುದಿಲ್ಲ. ಇಲ್ಲದ್ದನ್ನು ಯಾವ ವಿಧಾನವೂ ತೋರಿಸುವುದಿಲ್ಲ. ನಾಲ್ಕು ವಾರ ನಾನು ಹುಡುಕಿದ್ದು ಓಡಿಸುವ ವಿಧಾನ. ಕೊರತೆ ಇದ್ದದ್ದು ಓಡುವ ವಿಡಿಯೊದಲ್ಲೇ.

ಮಧ್ಯಾಹ್ನ ಅಣ್ಣ ಬಂದು ನನ್ನ ಹಿಂದೆ ನಿಂತ.

"ಲೇ ಶ್ರೀಧ್ಯಾ, ಅವ್ವ ಇಲ್ಲೇ ಅದಾಳ. ನೀ ಅಕಿ ಫೋಟೋ ನೋಡಕೋಂತ ಕುಂತಿ."

ಬಯ್ಯುವ ದನಿಯಿರಲಿಲ್ಲ. ಅದೇ ಹೆಚ್ಚು ತಾಗಿತು. ನಾನು ಎದ್ದು ಹೊರಗೆ ಹೋಗಿ ಬೀದಿಯ ಕೊನೆಯವರೆಗೆ ನಡೆದು ವಾಪಸು ಬಂದೆ. ನಾಲ್ಕೂ ದಿಕ್ಕಿನಿಂದ ಮಗ್ಗದ ಸಪ್ಪಳ ಬರುತ್ತಿತ್ತು.

ಅವ್ವ: ಎರಡು ಚಮಚ. ಮೂರನೆಯದು ಬಾಯಿಂದ ಹೊರಗೆ ಬಂತು.

9 ಏಪ್ರಿಲ್, ಮಂಗಳವಾರ

ಲಾಡಬಿ ಚಾಚಿ ಕಂಡಿಕೆಗೆ ನೂಲು ಸುತ್ತುವ ರಾಟೆಯನ್ನು ನಮ್ಮ ಪಡಸಾಲೆಗೇ ತಂದಿದ್ದಾಳೆ, ಅವ್ವನಿಗೆ ಜೊತೆಯಾಗಲೆಂದು. ಅಣ್ಣ ಗುರುವಾರ ಸಂಜೆ ಕತ್ತರಿಸುವುದಾಗಿ ಅವಳಿಗೂ ಹೇಳಿಟ್ಟಿದ್ದಾನೆ. ಹೊಸ ಹಾಸಿನ ಕೊಂಡಿ ಅವಳೇ ಕಟ್ಟಬೇಕು. ಅವಳಿಗೆ ಅದು ಮನಸ್ಸಿಲ್ಲ. ಅವ್ವನ ಹೆಸರು ಹಿಡಿದು, ಬಾಳವ್ವ ಜೀವಂತ ಇರುವಾಗ ಅವಳ ಜಾಗದಲ್ಲಿ ಕುಳಿತು ಹೇಗೆ ಕಟ್ಟಲಿ ಎಂದು ನನ್ನನ್ನು ಕೇಳಿದಳು.

ಕೌದಿ ಚಿವುಟುವ ಕೈಯನ್ನು ಅವಳೂ ನೋಡಿದ್ದಾಳೆ. ಬಾಳವ್ವಕ್ಕ ಕೊಂಡಿಗೆ ಕುಂತಾಗೂ ಎಡಗೈ ಉಂಗುರ ಬೆರಳು ಹಿಂಗ ಆಡತಿತ್ತು ಎಂದಳು. ಚಾಚಿಗೆ ಈಗ ಕಣ್ಣು ಮಂದ. ಎಲ್ಲರ ಬೆರಳೂ ಅವಳಿಗೆ ಕೊಂಡಿ ಕಟ್ಟುವಂತೆಯೇ ಕಾಣುತ್ತವೆ. ನನ್ನನ್ನೂ ನೋಡಿ ನಕ್ಕಳು: "ನೀ ಏನಪಾ, ಹೆಣಮಕ್ಕಳ ಕೆಲಸ ಕಲತಿ?" ನಾನು ಕಲಿತಿಲ್ಲ ಎಂದೆ. ಪ್ರೋಗ್ರಾಮ್ ಸರಿಯಾಗಿದೆಯೇ ಎಂದು ಪರೀಕ್ಷಿಸಲು ಹೊರಸಿನ ಕಾಲಿಗೆ ಒಂದು ನೂಲಿನ, ಒಂದು ರೇಷ್ಮೆಯ ದಾರ ಕಟ್ಟಿಕೊಂಡು 1ರಿಂದ 40ರವರೆಗೆ ಮಾಡಿ ನೋಡುತ್ತೇನೆ, ಅಷ್ಟೇ. 40ಕ್ಕೆ ನಿಲ್ಲುತ್ತೇನೆ. ಇಂದು ನೂರು ಸಲವಾದರೂ ಮಾಡಿರಬೇಕು. ಈಗ ಪರದೆ ನೋಡುವ ಅಗತ್ಯ ಬೀಳುವುದಿಲ್ಲ. ಅದರಿಂದ ಪರೀಕ್ಷೆಗೆ ಬೆಲೆ ಕಡಿಮೆ.

10 ಏಪ್ರಿಲ್, ಬುಧವಾರ

ಒಂದು ಚಮಚವೂ ಇಲ್ಲ. ತುಟಿ ಒದ್ದೆ ಮಾಡಿದೆವು.

ಶನಿವಾರ ನಳಿಗೆ ಹಾಕಿಸಲು ಬಾಗಲಕೋಟೆಗೆ ಜೀಪು ಗೊತ್ತು ಮಾಡಿ ಬಂದೆ. ಅಂದು ಯುಗಾದಿ, ಡ್ರೈವರ್ ಒಪ್ಪಲು ಹಿಂದೆ ಮುಂದೆ ನೋಡಿದ.

ಅಣ್ಣನಿಗೆ ಹೇಳಿದೆ: ಕತ್ತರಿಸುವಾಗ ನಾನು ಮನೆಯಲ್ಲಿರುವುದಿಲ್ಲ. ಅವನು ಹೇಳಿದ: "ನಾ ಇರಬೇಕಲ್ಲ."

11 ಏಪ್ರಿಲ್, ಗುರುವಾರ

ನಡೆದದ್ದನ್ನು ನಡೆದಂತೆ ಬರೆಯುತ್ತೇನೆ. ಕೈ ಬೆರಳು ನೋಯುತ್ತಿರುವುದರಿಂದ ಅಕ್ಷರ ಸೊಟ್ಟಗಾಗಿವೆ.

ಮಧ್ಯಾಹ್ನದ ಬಸ್ಸಿಗೆ ಹೋಗಬೇಕೆಂದಿದ್ದೆ. ಅದಕ್ಕೂ ಮೊದಲು ಯಂತ್ರವನ್ನು ಕೇಂದ್ರಕ್ಕೆ ಒಯ್ಯಲು ಕಟ್ಟಬೇಕಿತ್ತು. ಕೊನೆಯ ಸಲ ಓಡಿಸಿ ನೋಡೋಣವೆಂದು ಹತ್ತೂವರೆಗೆ ಚಾಲೂ ಮಾಡಿದೆ. 38ನೆಯ ಚಿತ್ರಕ್ಕೆ ಕರೆಂಟು ಹೋಯಿತು. ಪರದೆ ಕಪ್ಪಾಯಿತು. ನಾನು ನೆಲದ ಮೇಲೆ, ಅವ್ವನ ಹೊರಸಿಗೆ ಒರಗಿ ಕುಳಿತಿದ್ದೆ. ಹೊರಸಿನ ಕಾಲಿಗೆ ಕಟ್ಟಿದ ದಾರ ಕೈಯಲ್ಲೇ ಇತ್ತು. ಬೆರಳು ತಾವೇ ಮುಂದುವರಿದವು. ಮಡಚಿದೆ, ಕುಣಿಕೆ ಮಾಡಿದೆ, ತೂರಿಸಿದೆ. 40ಕ್ಕೆ ಬಂದು ಎಂದಿನಂತೆ ನಿಂತೆ.

ಮೇಲಿನಿಂದ ಒಂದು ಕೈ ಬಂತು. ಕೌದಿಯೊಳಗಿನಿಂದ, ಎಡಗೈ. ಉಗುರ ಸಂದಿಯಲ್ಲಿ ಹೋಳಿಯ ಹಸಿರು ಇನ್ನೂ ಇತ್ತು. ಅದು ನನ್ನ ಹೆಬ್ಬೆರಳಿನ ಹಿಂದೆ ಹೋಯಿತು. ಉಂಗುರ ಬೆರಳು ರೇಷ್ಮೆಯ ದಾರವನ್ನು ಹಿಂದಕ್ಕೆ ಒಂದು ಗೋದಿಕಾಳಿನಷ್ಟು ಸಡಿಲಿಸಿತು, ಕಿರುಬೆರಳು ನೂಲನ್ನು ಅಷ್ಟೇ ಬಿಗಿ ಮಾಡಿತು. ಎರಡೂ ಒಂದೇ ಸಮ ನಿಂತವು. ಆಮೇಲೆ ಆ ಕೈ ನನ್ನ ಹೆಬ್ಬೆರಳನ್ನು ಚಿವುಟಿತು, ಎಳಿ ಎನ್ನುವಂತೆ. ಎಳೆದೆ. ಗಂಟು ಉಬ್ಬಲಿಲ್ಲ.

41ರಿಂದ 44ರವರೆಗಿನ ಕೆಲಸ ಬಲಗೈಯದಲ್ಲ. ಅದು ಎಡಗೈಯ ಕೆಲಸ. ಆ ಕೈ ಒಂದು ದಿನವೂ ಬಿದ್ದಿರಲಿಲ್ಲ. ಐವತ್ತೊಂದು ದಿನ ನಮ್ಮ ಕಣ್ಣ ಮುಂದೆ ಕೌದಿಯ ಮೇಲೆ ಅದನ್ನೇ ಮಾಡುತ್ತಿತ್ತು. ನಾನು ಅದನ್ನು ಈ ವಹಿಯಲ್ಲಿ ನರದ ದೋಷ ಎಂದು ಬರೆದಿದ್ದೇನೆ. ಆ ಸಾಲನ್ನು ಹೊಡೆದು ಹಾಕುವುದಿಲ್ಲ, ಹಾಗೇ ಇರಲಿ.

ರೋಹಿಣಿಯನ್ನು ಕರೆದೆ. ಚಾಚಿ ಬಂದಳು. ಮೂವರೂ ಸೇರಿ ಅವ್ವನನ್ನು ಎತ್ತಿ ಮಗ್ಗದ ಕುಣಿಯ ದಂಡೆಗೆ ತಂದು, ಬೆನ್ನಿಗೆ ಲೋಡು ಕೊಟ್ಟು ಕೂರಿಸಿದೆವು. ಬಲಕ್ಕೆ ವಾಲಿದಳು. ಲೋಡು ಸಾಲಲಿಲ್ಲ. ನಾನು ಅವಳ ಬಲಕ್ಕೆ ಒತ್ತಿ ಕುಳಿತು ಎಡಗೈಯನ್ನು ಅವಳ ಬೆನ್ನ ಹಿಂದಿನಿಂದ ಸುತ್ತಿ ಹಿಡಿದೆ. ಈಗ ಹಾಸಿನ ಮುಂದೆ ಅವಳ ಎಡಗೈ ಒಂದು, ನನ್ನ ಬಲಗೈ ಒಂದು.

ಮೊದಲನೆಯ ಎಳೆ ತುಂಡಾಯಿತು. ನಿಜವಾದ ಹಾಸಿನ ನೂಲು ಹೊರಸಿನ ಕಾಲಿನ ದಾರದಂತಲ್ಲ. ಅವ್ವ ನನ್ನ ಕೈ ಮೇಲೆ ಪಟ್ಟನೆ ಹೊಡೆದು "ಬ್ಯಾಡ" ಎಂದಳು. ಸಣ್ಣವನಿದ್ದಾಗ ಮಗ್ಗ ಮುಟ್ಟಿದರೆ ಹೀಗೇ ಹೊಡೆಯುತ್ತಿದ್ದಳು. ತುಂಡಾದ ಎಳೆಯನ್ನು ಚಾಚಿ ಕೂಡಿಸಿಕೊಟ್ಟಳು. ಎರಡನೆಯ ಸಲ ನಾನು ಆತುರಪಟ್ಟೆ. ಮತ್ತೆ ಹೊಡೆತ. ಮೂರನೆಯ ಸಲ ಅವಳು ಚಿವುಟುವವರೆಗೆ ಕಾದೆ.

ಕೊಂಡಿ ಕೂತಿತು.

ಅಣ್ಣ ನಾಲ್ಕು ಗಂಟೆಗೆ ಬಂದ. ಬಾಗಿಲಲ್ಲಿ ಚಪ್ಪಲಿ ಬಿಟ್ಟವನು ಹಾಗೇ ನಿಂತ. ಆಗ ಹನ್ನೊಂದು ಕೊಂಡಿ ಆಗಿದ್ದವು. ಚಾಚಿಯ ರಾಟೆ ನಿಂತಿತ್ತು. ಅವನು ಕುಣಿಗೆ ಇಳಿದು ಬಗ್ಗಿ, ಅವ್ವನ ಹಳೆಯ ಕೊಂಡಿಗಳ ಮೇಲೆ ಉಗುರು ಆಡಿಸುತ್ತ ಹೊಸದರ ಕಡೆ ಬಂದ. ಬೆರಳು ಒಂದು ಕಡೆ ತಡೆಯಿತು.

"ಇಲ್ಲಿಂದ ಬ್ಯಾರೆ ಐತಿ. ಗೊತ್ತಾಗತೈತಿ."

ನಾನು ಹೌದು ಎಂದೆ. ಸುಳ್ಳು ಹೇಳಿ ಉಪಯೋಗವಿಲ್ಲ. ಅವನ ಉಗುರಿಗಿಂತ ದೊಡ್ಡ ಸಾಕ್ಷಿ ಇಳಕಲ್‌ನಲ್ಲಿ ಸಿಗಲಾರದು.

ಅವನು ಮತ್ತೊಮ್ಮೆ ಆಡಿಸಿದ. ಆಮೇಲೆ ಕೊನೆಯ ಮೂರು ಕೊಂಡಿಗಳ ಮೇಲೆ ಇನ್ನೊಮ್ಮೆ, ನಿಧಾನವಾಗಿ.

"ಇವು ಮೂರೂ ಅಕಿವು," ಎಂದ. ಅವ್ವನ ಮುಖ ನೋಡಿದ. ಅವಳು ಅವನನ್ನು ನೋಡಲಿಲ್ಲ. ಹನ್ನೆರಡನೆಯ ಎಳೆ ಹಿಡಿದು ನನಗಾಗಿ ಕಾಯುತ್ತಿದ್ದಳು.

ಗೂಡಿನಿಂದ ಕತ್ತರಿ ತೆಗೆದ. ಅವನು ಕುಣಿಯ ಆ ಬದಿಗೆ ಹೋಗಿ, ನಾನು ಕೆಡಿಸಿದ ಮೊದಲ ಎಂಟು ಕೊಂಡಿಗಳನ್ನು ಒಂದೊಂದಾಗಿ ಕತ್ತರಿಸಿದ. ಎಂಟನ್ನು ಮಾತ್ರ. ಕತ್ತರಿಯ ಸಪ್ಪಳಕ್ಕೆ ಅವ್ವ ಈ ಸಲ ಬ್ಯಾಡ ಎನ್ನಲಿಲ್ಲ.

"ಇವನ್ನ ತಿರಗಿ ಕಟ್ಟರಿ," ಎಂದು ಹೇಳಿ ಹೊರಗೆ ಹೋಗಿ ಮೋರಿಯ ಬಳಿ ಬಹಳ ಹೊತ್ತು ಮುಖ ತೊಳೆದ.

ಇನ್ನೂ ಸಾವಿರಕ್ಕೂ ಹೆಚ್ಚು ಇವೆ. ಇಂದಿನ ಲೆಕ್ಕಕ್ಕೆ ಮೂರು ತಿಂಗಳಿಗೂ ಹೆಚ್ಚು ಬೇಕು. ಎಳೆಗಳು ಅಷ್ಟು ದಿನ ತಾಳುತ್ತವೆಯೋ ಇಲ್ಲವೋ, ಅವ್ವ ತಾಳುತ್ತಾಳೋ ಇಲ್ಲವೋ ಗೊತ್ತಿಲ್ಲ. ಶನಿವಾರದ ಜೀಪನ್ನು ಬೇಡವೆಂದು ಹೇಳಿಲ್ಲ. ಯಂತ್ರವನ್ನು ಅರಿವೆಯಲ್ಲಿ ಕಟ್ಟಿ ಬಾಗಿಲ ಬಳಿ ಇಟ್ಟಿದ್ದೇನೆ. ಕರೆಂಟು ಯಾವಾಗ ಬಂತೆಂದು ಗಮನಿಸಲಿಲ್ಲ.

ಐದು ಗಂಟೆಗೆ ರೋಹಿಣಿ ಗಂಜಿ ತಂದಳು. ಅವ್ವ ಬ್ಯಾಡ ಎಂದಳು, ಎಳೆ ಬಿಡಲಿಲ್ಲ. ರೋಹಿಣಿ ಚಮಚ ತುಟಿಗೆ ಹಿಡಿದಳು. ಬಾಯಿ ತೆರೆಯಿತು. ನನಗೂ ಬೆಳಗಿನಿಂದ ಹೊಟ್ಟೆಯಲ್ಲಿ ಏನೂ ಇರಲಿಲ್ಲ. ಒಂದು ಕೈ ಅವ್ವನ ಬೆನ್ನಿಗಿತ್ತು, ಇನ್ನೊಂದು ಕುಣಿಕೆಯಲ್ಲಿತ್ತು. ಒಂದೇ ವಾಟಗದಿಂದ ರೋಹಿಣಿ ಅವಳಿಗೊಂದು ಚಮಚ, ನನಗೊಂದು ಚಮಚ ಹಾಕುತ್ತ ಹೋದಳು. ಎಷ್ಟು ಚಮಚವೆಂದು ಎಣಿಸಲಿಲ್ಲ.